ಇನ್ನೊಬ್ಬರು ಉಂಟಂತೆ

ಸುಲ್ತಾನ್ ಬತ್ತೇರಿ ಕಟ್ಟೆಯಲ್ಲಿ ಏಳೂ ಮುಕ್ಕಾಲರ ದೋಣಿ
ಎಂಟೂ ಐದಾದರೂ ಕದಲಿಲ್ಲ.
ಹಮ್ಮಬ್ಬ ಹಗ್ಗ ಬಿಚ್ಚಿ ಕೈಗೆ ಸುತ್ತಿಕೊಂಡು ನಿಂತಿದ್ದಾರೆ,
ಇಂಜಿನ್ನು ಸುಮ್ಮನೆ ಡೀಸೆಲ್ ಕುಡಿಯುತ್ತಿದೆ,
ನಾವು ಹನ್ನೊಂದು ಜನ, ಒಂದು ಸ್ಕೂಟರು,
ಜಲಜಕ್ಕನ ಖಾಲಿ ಮೀನುಬುಟ್ಟಿ.
‘ಹೊರಡುವ ಅಲ್ವಾ?’
‘ಒಂದು ನಿಮಿಷ ಮಾರಾಯ್ರೆ, ಇನ್ನೊಬ್ಬರು ಉಂಟಂತೆ.’

ಅಂತೆ.
ಹೇಳಿದ್ದು ಕೊನೆಗೆ ಹತ್ತಿದ ಹುಡುಗ.
ಅವನಿಗೆ ಹೇಳಿದ್ದು ಮೆಟ್ಟಿಲ ಮೇಲೆ ಯಾರೋ.

ನನ್ನ ಚೀಲದಲ್ಲೊಂದು ಲ್ಯಾಪ್‌ಟಾಪು,
ಅದರ ಹೊಟ್ಟೆಯಲ್ಲಿ ಮೈಯಿಲ್ಲದ ಇನ್ನೊಂದು ಕಂಪ್ಯೂಟರು.
ತನಗೂ ಒಂದು ನೆಟ್‌ವರ್ಕ್ ಕಾರ್ಡು ಉಂಟೆಂದು ಅದು ನಂಬಿದೆ, ಪಾಪ.
ಕಾರ್ಡೆಂದರೆ ನಾನು ಬರೆದ ನಾಲ್ಕು ಸಾವಿರ ಸಾಲು,
ಇನ್ನೂರೈವತ್ತಾರು ಕೋಣೆಯ ಒಂದು ಬಳೆ.
ಪ್ಯಾಕೆಟ್ಟು ಬಂದು ಕೋಣೆಯಲ್ಲಿ ಕೂರುತ್ತದೆ,
ನಾನು ಗಂಟೆ ಹೊಡೆಯುತ್ತೇನೆ,
ಹೊರಗಿನ ಯಂತ್ರ ಎದ್ದು ಬಂದು ಒಯ್ಯುತ್ತದೆ.
ಆದರೆ ಒಂದು ಗಂಟೆಯೆಂದರೆ ಸುಮ್ಮನೆಯೇ?
ಅತಿಥಿ ಇದ್ದಲ್ಲೇ ಕಲ್ಲಾಗಬೇಕು,
ಮನೆಯವರು ಕೈಯ ಕೆಲಸ ಬಿಟ್ಟು ಬಾಗಿಲಿಗೆ ಬರಬೇಕು.
ಆದ್ದರಿಂದ ಪ್ರತಿಯೊಂದಕ್ಕೂ ಹೊಡೆಯುವುದಿಲ್ಲ.
ಪ್ಯಾಕೆಟ್ಟು ಕೊಡುವಾಗ ಮೇಲಿನವರು ಕಿವಿಯಲ್ಲಿ ಹೇಳುತ್ತಾರೆ:
ಇನ್ನೊಂದು ಉಂಟು.
ನಾನು ಕೈ ತಡೆಯುತ್ತೇನೆ.

‘ನಿನ್ನ ಕೆಲಸ ಎಂತದ್ದು?’ ಎಂದು ಜಲಜಕ್ಕ ಒಮ್ಮೆ ಕೇಳಿದ್ದಳು.
ದೋಣಿ ಬಿಡುವುದು, ಎಂದಿದ್ದೆ.
ಬುಟ್ಟಿ ಅಲ್ಲಾಡುವಷ್ಟು ನಕ್ಕಿದ್ದಳು.

ಮೂರು ವಾರದಿಂದ ಒಂದೇ ದೂರು.
ದಿನಕ್ಕೊಂದು ಸಲವೋ ಎರಡು ಸಲವೋ
ಏನೋ ಒಂದು ನಿಲ್ಲುತ್ತದೆ.
ಬೀಳುವುದಿಲ್ಲ, ಕಳೆಯುವುದಿಲ್ಲ,
ನಿಲ್ಲುತ್ತದೆ,
ಇನ್ಯಾವುದೋ ಬಂದು ಬೆನ್ನಿಗೆ ತಾಗಿದ ಕೂಡಲೇ ಹೊರಡುತ್ತದೆ.
ಇದ್ದೀಯಾ ಎಂದು ಕೇಳಲು ನಾನು ಕಳಿಸಿದ ಪ್ಯಾಕೆಟ್ಟೇ
ಅದನ್ನು ತಳ್ಳಿಬಿಡುತ್ತದೆ.
ನಾನು ನೋಡುವ ಹೊತ್ತಿಗೆ ಎಲ್ಲ ಸರಿ.
ಜ್ವರ ನೋಡಲು ಕೈಯಿಟ್ಟರೆ ಹಣೆ ತಣ್ಣಗೆ.

ಎಂಟೂ ಹತ್ತು.
ಫಲ್ಗುಣಿಯಲ್ಲಿ ಇಳಿತ ಶುರು.
ಆಚೆ ತಣ್ಣೀರುಬಾವಿಯ ದೀಪಗಳು ಒಂದು ಮೊಳ ದೂರ ಸರಿದಂತೆ.
ಯಾರದೋ ಮಗು ಅತ್ತು, ನಿಲ್ಲಿಸಿ, ಮತ್ತೆ ಅತ್ತಿತು.
ಜಲಜಕ್ಕ ಬುಟ್ಟಿ ಮಗುಚಿ ಅದರ ಮೇಲೆ ಕೂತು ಹೇಳಿದಳು:
‘ಬರುವವರ ಲೆಕ್ಕ ಎಂತಕ್ಕೆ ಹಮ್ಮಬ್ಬಾಕ,
ಕೂತವರ ಲೆಕ್ಕ ಹಿಡಿಯಿರಿ.
ಬರುವುದಿಲ್ಲ ಅಂತ ಹೇಳಲಿಕ್ಕೆ
ಯಾರಾದರೂ ಮೆಟ್ಟಿಲು ಇಳಿದು ಬರುತ್ತಾರಾ?’

ನಾನು ಎದ್ದು ನಿಂತುಬಿಟ್ಟೆ, ದೋಣಿ ಓಲಾಡಿತು,
ಸ್ಕೂಟರಿನವನು ಬೈದ.

ಇನ್ನೊಂದು ಉಂಟು ಎಂದದ್ದು ಸುಳ್ಳಲ್ಲ.
ಬಂದಿತ್ತು ಅದು.
ತೀರಾ ಚೂರುಚೂರಾಗಿ ಬಂದಿತ್ತು, ಕೋಣೆಗಳಿಗೆ ಹಿಡಿಸಲಿಲ್ಲ,
ನನ್ನದೇ ಒಂದು ಸಾಲು ಅದನ್ನು ಹೊರಗೆಸೆದು
ತೆಪ್ಪಗೆ ಹಿಂದಿರುಗಿತ್ತು.
ಗಂಟೆಯ ಮಾತು ಯಾರೂ ಎತ್ತಲಿಲ್ಲ.
ಮೊದಲು ಬಂದು ಕೂತದ್ದು,
ಚಿಕ್ಕದು, ಎಲ್ಲ ಕಾಗದ ಸರಿಯಿದ್ದದ್ದು,
ಬಫರಿನ ಕತ್ತಲಲ್ಲಿ ಮಡಿಲಲ್ಲಿ ಕೈಯಿಟ್ಟು
ಕೂತೇ ಇತ್ತು.

ಹಮ್ಮಬ್ಬ ಹಗ್ಗ ಎಸೆದರು.
ಹತ್ತತ್ತು ರೂಪಾಯಿ ಡಬ್ಬಿಗೆ ಬಿತ್ತು.
ತೊಡೆಯ ಮೇಲೆ ಲ್ಯಾಪ್‌ಟಾಪು ತೆರೆದೆ, ನೀರು ಸಿಡಿಯಿತು,
ಸೆರಗಿನಲ್ಲೊರಸಿ ಎರಡೇ ಸಾಲು ಸೇರಿಸಿದೆ:
ಎಸೆದು ಹೊರಡುವ ಮುನ್ನ
ಕೂತವರಿದ್ದರೆ ಗಂಟೆ ಹೊಡೆ.

ಹೊಳೆಯ ನಡುವೆ ಹಮ್ಮಬ್ಬ ಹಿಂದೆ ತಿರುಗಿ ನೋಡಿದರು.
ನಾನೂ ನೋಡಿದೆ.
ಕಟ್ಟೆಯ ಕೊನೆಯ ಮೆಟ್ಟಿಲಲ್ಲಿ ಯಾರೋ ಮೊಬೈಲಿನ ದೀಪ
ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದರು.
ಹುಡುಗ ಹೇಳಿದ, ‘ಅವರೇ ಇರಬೇಕು.’
ಯಾರೂ ಮಾತಾಡಲಿಲ್ಲ.
ಹಮ್ಮಬ್ಬ ಚುಕ್ಕಾಣಿ ಬಿಡದೆ,
ಹೋಗಿ ಬರುವುದಕ್ಕೆ ಎಷ್ಟು ಹೊತ್ತೆಂದು
ತುಟಿಯಲ್ಲೇ ಲೆಕ್ಕ ಹಾಕುತ್ತಿದ್ದರು.