ಬಾತ್‌ಟಬ್ಬಿನಲ್ಲಿ ನೆವಿಲ್

ಗ್ರಿಮ್ಸ್‌ಬಿ, ಮೂರನೇ ಮಹಡಿ. ಲಿಫ್ಟು ಕೆಟ್ಟಿತ್ತು.
'ನೀವು ನೀವಾಗಿರುವ ಜಾಗ ತೋರಿಸಿ' ಅಂದೆ,
ಎಲ್ಲರಿಗೂ ಅನ್ನುವ ಹಾಗೆ.
ಸೋಫಾ ದಾಟಿದ, ಹಾಸಿಗೆ ದಾಟಿದ,
ಬಚ್ಚಲ ಬಾಗಿಲು ತೆಗೆದ ನೆವಿಲ್,
ಏಳನೇ ನಂಬರ್ ಬಸ್ಸಿನ ಡ್ರೈವರು.

ನೀರಿಲ್ಲದ ಟಬ್ಬಿನಲ್ಲಿ ಕಾಲು ಚಾಚಿ ಕೂತ,
ಯೂನಿಫಾರ್ಮಿನ ಪ್ಯಾಂಟು, ಮೇಲೆ ಬರೀ ಬನಿಯನ್ನು.
ಟ್ರಾಂಬೋನಿನ ಬಾಯಿಗೆ ಹಳೇ ಟವೆಲು ತುರುಕಿದ,
ಪಕ್ಕದ ಮನೆಯ ಕೂಸು ಎದ್ದೀತಂತೆ.
ಊದಿದ.
ಕೊಳಾಯಿ ನಡುಗಿತು. ಸೋಪಿನ ಡಬ್ಬಿಯೂ.
ಕೆನ್ನೆ ಉಬ್ಬಿ, ಇಳಿದು, ಕಣ್ಣು ಮುಚ್ಚಿ
ಆ ಮುಖ
ಯಾರಿಗೂ ತೋರಿಸಲೆಂದು ಇಟ್ಟುಕೊಂಡದ್ದಲ್ಲ.

ಹನ್ನೊಂದು ಸಲ ಒತ್ತಿದೆ.
ಹನ್ನೆರಡನೆಯದರಲ್ಲಿ ಕನ್ನಡಿ ನನ್ನನ್ನೂ ಹಿಡಿದಿತ್ತು:
ಕಮೋಡಿನ ಮೇಲೆ ಮಂಡಿಯೂರಿ,
ಮುಖ ಇರಬೇಕಾದಲ್ಲಿ ಕ್ಯಾಮೆರಾ.

ಟವೆಲು ತೆಗೆಯುತ್ತ ಕೇಳಿದ:
'ನಿಮ್ಮದೆಲ್ಲಿ, ಆ ಜಾಗ?'

ಬೆಳಕು ಹೋಗುತ್ತಿದೆ ಅಂದೆ.
ಲೆನ್ಸಿಗೆ ಮುಚ್ಚಳ ಹಾಕಿದೆ, ಎರಡು ಸಲ.

ಮೆಟ್ಟಿಲಿಳಿಯುವಾಗ ಗೋಡೆಯೊಳಗಿಂದ
ಮತ್ತೆ ಅದೇ ಸ್ವರ, ಎಡವಿದಲ್ಲೇ ಎಡವಿ.
ಎರಡನೇ ಮಹಡಿಯ ತಿರುವಿನಲ್ಲಿ
ಚೀಲ ತೊಡೆಗಿಟ್ಟು ಕೂತೆ.
ಯಾರೂ ಹತ್ತಿ ಬರದಿರಲಿ,
ಸ್ವಲ್ಪ ಹೊತ್ತು.