ಹನ್ನೆರಡೂವರೆ

ಕೊಚೆವ್ಯೆ ಕಾಡಿನಂಚು. ಜೂನ್ ತಿಂಗಳ ಕೊನೆ.
ಲಿಪಾ ಮರಗಳು ಹೂ ಚೆಲ್ಲಿ ಮುಗಿಸಿದ್ದವು.
ವಿತೊಮಿರ್‌ನ ಒಂಬತ್ತನೇ ಪೆಟ್ಟಿಗೆಯೊಳಗೆ, ಒಂದು ಎರಿಯ ಎರಡೂ ಮಗ್ಗುಲಿಗೆ
ಕಾಸಿನಗಲದ ಬಿಲ್ಲೆ ಕೂರಿಸಿದೆ:
ಒಂದು ಕೂಗುತ್ತದೆ, ಒಂದು ಆಲಿಸುತ್ತದೆ.
ನಡುವೆ ಹೆಬ್ಬೆರಳಗಲ ಜೇನು.

"ಏನಂತ ಕೂಗುತ್ತೆ?" ಎಂದ ಮುದುಕ.
ನಮಗೆ ಕೇಳದ್ದು, ಎಂದೆ. ನಿಮ್ಮ ನಾಯಿಗೂ ಕೇಳದ್ದು.
"ಹಾಗಾದರೆ ಪ್ರಾರ್ಥನೆ," ಎಂದು ಹೊಗೆಡಬ್ಬಿಯ ತಿದಿ ಒತ್ತಿದ.

ಮೊದಲ ನಾಲ್ಕು ದಿನದ ಲೆಕ್ಕವೆಲ್ಲ ತಪ್ಪು.
ನೊಣಗಳು ನನ್ನ ಬಿಲ್ಲೆಗಳನ್ನು ಸತ್ತ ಇಲಿಯೆಂದು ಬಗೆದು
ಮರದಂಟು ಮೆತ್ತಿ ಸಮಾಧಿ ಕಟ್ಟಿದ್ದವು.
ನಾನು ಅಳೆದದ್ದು ಅಂಟನ್ನು.
ಚಾಕುವಿನಿಂದ ಕೆರೆದು, ಏಳು ಕಡೆ ಕಚ್ಚಿಸಿಕೊಂಡು,
ಮತ್ತೆ ಒಂದರಿಂದ ಎಣಿಸಿದೆ.

ಹಸಿ ಹೂರಸ ದಾಟಲು ಸದ್ದಿಗೆ ಹದಿನೈದೂವರೆ ಮೈಕ್ರೋಸೆಕೆಂಡು.
ರಾತ್ರಿಯಿಡೀ ರೆಕ್ಕೆಗಳು ನೀರನ್ನು ಬೀಸಿ ಬೀಸಿ ಹೊರಗಟ್ಟುತ್ತವೆ;
ಬೆಳಿಗ್ಗೆ ಹದಿನೈದು, ನಾಡಿದ್ದು ಹದಿನಾಲ್ಕು ಚಿಲ್ಲರೆ.
ಗಟ್ಟಿಯಾದಷ್ಟೂ ಚಮಚ ತಡವರಿಸುತ್ತದೆ,
ಸದ್ದು ಓಡುತ್ತದೆ.
ನನ್ನ ತಾಯಿ ಹೀಗೆ: ಖಾಲಿ ಬೀದಿಯಲ್ಲಿ ಹೆಜ್ಜೆ ಎಳೆಯುವವಳು
ಲುಬ್ಲಿಯಾನಾದ ಶನಿವಾರದ ಸಂತೆಯ ನೂಕಿನಲ್ಲಿ
ಕೈಗೇ ಸಿಗುತ್ತಿರಲಿಲ್ಲ.

ವಿತೊಮಿರ್‌ನದು ಬೇರೆ ದಾರಿ.
ಚೌಕಟ್ಟು ಹೊರಗೆಳೆದು ಒಮ್ಮೆ ಜಾಡಿಸುತ್ತಾನೆ.
ಹನಿ ಬಿದ್ದರೆ "ಹಸಿ."
ಬೀಳದಿದ್ದರೆ ಏನೂ ಅನ್ನುವುದಿಲ್ಲ.

ಹನ್ನೊಂದನೆಯ ರಾತ್ರಿ, ಮೂರು ಗಂಟೆ ಎರಡು ನಿಮಿಷ:
ಹನ್ನೆರಡೂವರೆ. ಮೇಣದ ಮುಚ್ಚಳಕ್ಕೆ ಬಂದ ಹದ.
ಮೂರು ಗಂಟೆ ಒಂಬತ್ತು: ಗೆರೆಯೇ ಇಲ್ಲ.

ಬೆಳಕಾದಾಗ ಬೇಲಿಯ ತಂತಿ ನೆಲಕ್ಕೆ ಮಲಗಿತ್ತು.
ಪೆಟ್ಟಿಗೆಯ ಮುಂದಿನ ಹಲಗೆ ಹುಲ್ಲಿನಲ್ಲಿ ಅಂಗಾತ,
ಅದರ ಮೇಲೆ ಅವನಜ್ಜ ಬಿಡಿಸಿದ ಚಿತ್ರ:
ಸತ್ತ ಬೇಟೆಗಾರನ ಚಟ್ಟ ಹೊತ್ತು ನಡೆದ ಮೃಗಗಳು,
ಮುಂದಾಳು ಕರಡಿ.
ಬಣ್ಣ ಸವೆದ ಅದರ ಮೂತಿಗೆ
ನಿಜದ ಜೇನು ಹತ್ತಿತ್ತು.

ನೋಡಿ, ಅದಕ್ಕೂ ಹದ ಗೊತ್ತು, ಎಂದೆ ಗೆರೆ ತೋರಿಸುತ್ತ.
ಮಾಗುವವರೆಗೆ ಕಾದು, ಮೇಲೆ ಏಳೇ ನಿಮಿಷ!
"ಕರಡಿ ಹದಗಿದ ನೋಡಲ್ಲ, ಮಗಳೇ.
ಅದು ಬಂದದ್ದು ಮರಿಹುಳುವಿಗೆ.
ಜೇನು ಕಾಲಿಗೆ ಸಿಕ್ಕಿತು ಅಷ್ಟೆ."

ಒಂದು ಬಿಲ್ಲೆ ಸಿಕ್ಕಿತು; ಕೂಗುವುದು.
ಆಲಿಸುವುದನ್ನು ಕಾಡು ಒಯ್ದಿದೆ.
ಮುರಿದ ಎರಿಯಿಂದ ಅಂಗೈಯಗಲ ಕಿತ್ತು
ಅವನು ನನ್ನ ಕೈಗಿಟ್ಟ.
ಜಾಡಿಸಿದೆ. ಒಂದು ಹನಿಯೂ ಬೀಳಲಿಲ್ಲ.
ಅವನು ಏನೂ ಅನ್ನಲಿಲ್ಲ.