ಹದಿನಾಲ್ಕು ಮೀಟರು

ಸ್ಮರಣಸಂಚಿಕೆಗೆ ಇನ್ನೂರು ಪದ ಸಾಕು ಅಂದಿರಿ, ಪ್ರಿನ್ಸಿಪಾಲರೇ.
ಕ್ರೀಡಾ ವಿಭಾಗದ ಚರಿತ್ರೆ. ಸಾಧನೆ ಮಾತ್ರ.
ನಾನು ಜವಾನ, ಮೂವತ್ತೊಂದು ವರ್ಷ ಸುಣ್ಣ ಸುರಿದವನು.
ನನಗೆ ಗೊತ್ತಿರುವುದು ಗೆರೆ.

ಸದಾಶಿವಗಡದ ಬುಡದಲ್ಲಿ ಆಗ ಕಾಲೇಜೆಂದರೆ
ಹಂಚಿನ ಮೂರು ಕೋಣೆ, ಒಂದು ಬಾವಿ,
ಗಾಳಿಮರಗಳ ನಡುವೆ ಮುಕ್ಕಾಲು ಮರಳಿನ ಮೈದಾನ.
ಗೋಲುಕಂಬ ಒಡೆದ ಮಚವೆಯದು,
ಒರಗಿ ನಿಂತ ಗೋಲಿಯ ಬೆನ್ನಿಗೆ ಡಾಂಬರು.

ಸಾಲ್ವಾದೋರ್ ಪೆರೇರ ಬಂದದ್ದು ಎಪ್ಪತ್ತನಾಲ್ಕರಲ್ಲಿ.
ಫುಟ್‌ಬಾಲಿಗೂ ಅವರೇ, ಓಟಕ್ಕೂ ಅವರೇ,
ಗುಮಾಸ್ತ ರಜೆ ಹಾಕಿದರೆ ಫೀ ಎಣಿಸಲಿಕ್ಕೂ ಅವರೇ.
ಶಿಲುಬೆಯ ದಾರಕ್ಕೇ ಸೀಟಿ ಕಟ್ಟಿಕೊಂಡಿದ್ದರು;
ಸಿಟ್ಟು ಬಂದಾಗ ಎರಡರಲ್ಲಿ ಯಾವುದು ಬಾಯಿಗೆ ಬರುವುದೋ
ಅವರಿಗೇ ಗೊತ್ತಿರಲಿಲ್ಲ.

ಇಪ್ಪತ್ತಮೂರು ವರ್ಷದಲ್ಲಿ ಒಂದೇ ಕಪ್ಪು.
ಅದೂ, ಬರೆದುಕೊಳ್ಳಿ, ಕಾರವಾರದವರು
ಮಧ್ಯಾಹ್ನದ ತಾರಿ ತಪ್ಪಿಸಿಕೊಂಡದ್ದರಿಂದ.
ಸೇತುವೆ ಇರದ ಕಾಲ. ಕಾಳಿ ಉಬ್ಬಿತ್ತು.
ಆಚೆ ದಡದಲ್ಲಿ ಹನ್ನೊಂದು ಕೆಂಪು ಚುಕ್ಕೆ ಕೈಬೀಸಿದವು,
ನಾವೂ ಬೀಸಿದೆವು.
ಆ ಕಪ್ಪಿನಲ್ಲಿ ಈಗ ಸೀಮೆಸುಣ್ಣ.

ನಿಮ್ಮ ಕೋಣೆಯ ಹೊರಗಿನ ಹಲಗೆ, ಮೂರನೆಯ ಸಾಲು:
ನಾನೂರು ಮೀಟರ್, ಕುಮಾರಿ ತುಳಸಿ ಹರಿಕಂತ್ರ,
ಐವತ್ತೊಂಬತ್ತು ಸೆಕೆಂಡು, ಚಿಲ್ಲರೆ.
ಇಂದಿಗೂ ಯಾರೂ ಮುರಿದಿಲ್ಲ.
ಮುರಿಯಲಿಕ್ಕಾಗದು.

ಟೇಪು ಇರಲಿಲ್ಲ ಆಗ. ಬೈತಖೋಲದಿಂದ ತಂದ ನೂಲಿನ ಹಗ್ಗಕ್ಕೆ
ಐವತ್ತು ಮೀಟರಿಗೆ ಗಂಟು ಹಾಕಿ ಮಾಸ್ತರರು ಕೊಟ್ಟಿದ್ದರು.
ಮಳೆಗಾಲ ಪೂರ್ತಿ ಅದು ಬಾವಿಕಟ್ಟೆಯ ಗೂಟದಲ್ಲಿ ನೇತಾಡಿತು.
ನೀರು ಕುಡಿದ ಹಗ್ಗ ಕುಗ್ಗುತ್ತದೆಂದು
ಬಲೆ ಹೆಣೆಯುವವನ ಮಗ ನಾನು, ನನಗೆ ಗೊತ್ತಿರಬೇಕಿತ್ತು.
ಅಕ್ಟೋಬರಿನಲ್ಲಿ ಅದನ್ನೇ ಎಂಟು ಸಲ ಎಳೆದು
ಸುತ್ತು ಮುಗಿಸಿದೆ. ಸುಣ್ಣ ಬೆಳ್ಳಗೆ ಬಿದ್ದಿತ್ತು.

ತುಳಸಿ ಬೆಳಗಿನ ಮೀನು ಮಾರಿ,
ಸಿಂಬೆಯನ್ನು ನನ್ನ ಕೈಗೆ ಕೊಟ್ಟು ಓಡುತ್ತಿದ್ದಳು.
‘ಧಾಂವ್ ಗೊ ಬಾಯೆ, ಧಾಂವ್!’
ಅಂಚಿನಲ್ಲಿ ಮಾಸ್ತರರು, ಒಂದೇ ಚಪ್ಪಲಿಯಲ್ಲಿ.

ಧಾರವಾಡಕ್ಕೆ ನಾನೂ ಹೋಗಿದ್ದೆ, ಚೀಲ ಹೊರಲು.
ಕೊನೆಯ ತಿರುವು ದಾಟಿ ಅವಳೇ ಮುಂದೆ, ಎರಡು ಮಾರು.
ಆಮೇಲೆ, ಯಾರೂ ತಾಗದೆ, ಎಡವದೆ,
ಗೆರೆ ಇನ್ನೂ ದೂರವಿದ್ದಾಗಲೇ
ಅವಳ ಕಾಲು ಓಟ ಮುಗಿಸಿಬಿಟ್ಟವು,
ದಡ ತಾಗಿತೆಂದು ಹುಟ್ಟು ಎತ್ತಿಕೊಂಡ ಹಾಗೆ.
ಮೂವರು ದಾಟಿಹೋದರು.

ಅರಬೈಲ್ ಘಾಟಿ ಇಳಿಯುವವರೆಗೆ ಬಸ್ಸಿನಲ್ಲಿ ಮಾತಿಲ್ಲ.
ಅವಳು ಶೇಂಗಾ ಸುಲಿದು ಸುಲಿದು ಮಾಸ್ತರರ ಅಂಗೈಗೆ ಹಾಕಿದಳು.
ಅವರು ತಿನ್ನಲಿಲ್ಲ, ಬೀಳಿಸಲೂ ಇಲ್ಲ.

ಆ ರಾತ್ರಿ ಟಾರ್ಚು, ರಸ್ತೆ ಇಲಾಖೆಯವರ ಕಬ್ಬಿಣದ ಟೇಪು.
ಒಂದು ತುದಿ ನಾನು, ಒಂದು ತುದಿ ಅವರು.
ಮುನ್ನೂರ ಎಂಬತ್ತಾರು.
ಬೈಯಲಿಲ್ಲ.
ಹದಿನಾಲ್ಕು ಮೀಟರ್ ಹಿಂದಕ್ಕೆ ನಡೆದು
ತಾವೇ ಗೂಟ ಬಡಿದು, ‘ನಾಳೆಯಿಂದ ಇಲ್ಲಿ’ ಅಂದರು.

ಹಲಗೆಗೆ ಬಣ್ಣ ಹೊಡೆಯಲು ಬಂದಾಗಲೆಲ್ಲ
ಅವರು ನನ್ನ ಮುಖ ನೋಡುತ್ತಿದ್ದರು, ನಾನು ಡಬ್ಬಿ ಹಿಡಿಯುತ್ತಿದ್ದೆ,
ಅದೇ ಅಕ್ಷರ ಮತ್ತೆ ಹೊಳೆಯುತ್ತಿತ್ತು.

ಇನ್ನೂರು ದಾಟಿತೇನೋ. ಬೇಡದ್ದು ಹೊಡೆದುಹಾಕಿ.

ಮೊನ್ನೆ ಮಾರುಕಟ್ಟೆಯಲ್ಲಿ ಬಂಗುಡೆ ಎಣಿಸುತ್ತ ತುಳಸಿ ಕೇಳಿದಳು:
‘ಹಲಗೆ ಉಂಟಾ ಇನ್ನೂ?’
ಉಂಟು, ಅಂದೆ.
ಎಣಿಕೆ ಮುಗಿದ ಮೇಲೆ ಎರಡು ಹೆಚ್ಚಿಗೆ ಹಾಕಿದಳು.
ಬೇಡ ಅನ್ನಬೇಕಿತ್ತು.
ಚೀಲ ಹಿಡಿದೆ.